ಹೊಡೀರಿ ಅಂದವನು ನಾನು

ಹೊಸಪೇಟೆಯಲ್ಲಿ ನನ್ನ ಪೇಟಿಗಿಂತ ನನ್ನ ಸಿಟ್ಟೇ ಹೆಚ್ಚು ಹೆಸರುವಾಸಿ. ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಕಾಲದಲ್ಲಿ, ಶ್ರುತಿ ಬಿಟ್ಟು ಹಾಡಿದ ನಾಯಕನಿಗೆ ಪರದೆಯ ಸಂದಿಯಿಂದ ಚಪ್ಪಲಿ ಎಸೆದವನು ನಾನು. ಗುರಿ ತಪ್ಪಿ ಅದು ನಾಯಕಿಗೆ ಬಿತ್ತು. ಪಾಠಕ್ಕೆ ಬರುವ ಮಕ್ಕಳ ಬೆರಳಿಗೆ ಸ್ಕೇಲಿನಿಂದ ಬಾರಿಸಿ, ಅವರ ತಾಯಂದಿರಿಂದ ಮನೆ ಬಾಗಿಲಲ್ಲೇ ಬೈಸಿಕೊಂಡಿದ್ದೇನೆ. ಜನ ಇದನ್ನೆಲ್ಲ ನಗುತ್ತಾ ಹೇಳುತ್ತಾರೆ, ನಾನೂ ಮೀಸೆಯಲ್ಲೇ ನಗುತ್ತಾ ಕೇಳುತ್ತಿದ್ದೆ. ಕಲಾವಿದ ಅಂದಮೇಲೆ ಸಿಟ್ಟು ಇರಬೇಕು, ಅದೊಂದು ಭೂಷಣ ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ಈಗ ನನ್ನಿಂದ ಆಗುವುದಿಲ್ಲ.

ನಮ್ಮದು ಹೊಸ ಜಿಲ್ಲೆಯಾದ ಮೇಲೆ ಹೊಸಪೇಟೆಗೆ ಎಲ್ಲಿಲ್ಲದ ಹುರುಪು ಬಂದಿತ್ತು. ಹಂಪಿ ನಮ್ಮ ಕಡೆ ಬಂತು, ಕಂಪ್ಲಿ ಮತ್ತು ಸಂಡೂರು ಬಳ್ಳಾರಿಯಲ್ಲೇ ಉಳಿದವು. ಆಗ ಹಂಪಿಯಲ್ಲಿ ಗೈಡ್ ಆಗಿರುವ ಗೆಳೆಯನೊಬ್ಬ ಒಂದು ಹಾಳೆ ಹಿಡಿದು ನಮ್ಮ ಮನೆಗೆ ಬಂದ.

"ಮಾಸ್ತರ, ಗೆರಿ ಎಳದ್ರ ಆತೇನ್ರಿ? ಅಕ್ಕಿ ಬರೋದು ಕಂಪ್ಲಿಯಿಂದ, ಲಾರಿ ಓಡೋದು ಸಂಡೂರಿಗೆ, ಬೀಗರೆಲ್ಲಾ ಆ ಕಡೀನ ಅದಾರ. ನಾಲ್ಕೂ ಊರು ಕೂಡಿ ಹಾಡೋ ಹಂಗ ನಮ್ಮ ಸೀಮಿದೊಂದು ನಾಡಗೀತಿ ಮಾಡೋಣು. ಪದ ನಾ ಬರ್ದೀನಿ, ಧಾಟಿ ನೀವು ಹಾಕ್ರಿ."

ಹಾಳೆ ಓದಿದೆ. ಮೊದಲ ಸಾಲಿನಲ್ಲಿ 'ಎಡಕೆ ನೋಡಿರಿ' ಅಂತಿತ್ತು, ಎರಡನೆಯ ಸಾಲಿನಲ್ಲಿ 'ಬಲಕೆ ನೋಡಿರಿ'. ಅವನ ಮುಂದೆಯೇ ಹರಿದು ಹಾಕಿದೆ. ಅವನು ಬೇಜಾರು ಮಾಡಿಕೊಳ್ಳದೆ ನಾಲ್ಕು ಸಲ ಬರೆದ. ಐದನೆಯ ಸಲ ಬರೆದದ್ದು ಚೆನ್ನಾಗಿತ್ತು, ಹಟ ಬಿಟ್ಟು ಒಪ್ಪಿಕೊಂಡೆ.

ನಮ್ಮಲ್ಲಿ ಸಂಗೀತದಿಂದಲೇ ಹೊಟ್ಟೆ ಹೊರೆಯುವವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬ, ಹೊಸಪೇಟೆಯ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವ ನನ್ನ ಗೆಳೆಯ. ಮೂವತ್ತು ವರ್ಷ ಒಂದೇ ಚಪ್ಪರದ ಕೆಳಗೆ ಕೂತು ಉಂಡವರು ನಾವು, ಜಾತಿಯೂ ಒಂದೇ. ಅವನು ಊದಿದರೆ ಮದುಮಗಳ ಕಡೆಯವರು ಹನಿಗಣ್ಣಾಗುತ್ತಿದ್ದರು, ಆಮೇಲೆ ಬಂದು ಅವನ ಕೈ ಹಿಡಿಯುತ್ತಿದ್ದರು. ನನ್ನ ಕೈಯನ್ನು ಯಾರೂ ಹಿಡಿದದ್ದು ನೆನಪಿಲ್ಲ. ಉಳಿದವರೆಲ್ಲ ಹವ್ಯಾಸಿಗಳು. ಸಂಡೂರಿನಿಂದ ಒಂದು ಭಜನಾ ಮಂಡಳಿ ಬಂತು, ಲಾರಿ ಡ್ರೈವರುಗಳೂ ಗಣಿ ಆಫೀಸಿನ ಗುಮಾಸ್ತರೂ ಸೇರಿ ಏಳೆಂಟು ಜನ. ನಿಧಾನವಾಗಿ ಶುರು ಮಾಡಿ ಕೊನೆಗೆ ಬಸ್ಸು ತಪ್ಪಿಹೋಗುತ್ತದೇನೋ ಎಂಬಂತೆ ಓಡುವುದು ಅವರ ಅಭ್ಯಾಸ. ಈ ಓಟಕ್ಕೆ ಕಡಿವಾಣ ಹಾಕುವ ಒಂದು ಗಟ್ಟಿ ತಾಳ ಬೇಕಿತ್ತು.

ಅದು ಸಿಕ್ಕಿದ್ದು ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ. ಯಾವುದೋ ಮದುವೆಗೆ ಹೋದವನು ಗಿರಣಿಯ ಗೇಟಿನ ಹತ್ತಿರ ಆಟೋಕ್ಕೆ ಕಾಯುತ್ತಿದ್ದೆ. ಒಳಗೆ ಹಮಾಲರು ಬುತ್ತಿ ಉಂಡು ಕೂತಿದ್ದರು. ಅವರಲ್ಲಿ ನನ್ನ ವಯಸ್ಸಿನವರೊಬ್ಬರು ಖಾಲಿ ಎಣ್ಣೆ ಡಬ್ಬದ ಮೇಲೆ ಎರಡು ಕಡ್ಡಿ ಆಡಿಸುತ್ತಿದ್ದರು. ಬಂದ ಆಟೋ ಬಿಟ್ಟುಕೊಟ್ಟೆ, ಆಮೇಲೆ ಇನ್ನೊಂದನ್ನೂ ಬಿಟ್ಟೆ. ನಲವತ್ತು ವರ್ಷ ತಾಳದ ಜೊತೆ ಬಾಳಿದವನು ನಾನು, ಆ ಡಬ್ಬದ ಮುಂದೆ ಕಲಿಯಲು ಬಂದವನ ಹಾಗೆ ನಿಂತಿದ್ದೆ.

ಅವರು ತಮಟೆಯಂಥ ಚರ್ಮವಾದ್ಯವಾದ ಹಲಗೆಯವರು. ಸಾವಿನ ಮುಂದೆ ಹಲಗೆ ಹೊಡೆಯುವುದನ್ನು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಕೆಲಸ ಮುಗಿದ ಮೇಲೆ ಅವರ ಜೊತೆ ಮನೆಗೆ ಹೋದೆ. ಗೋಡೆಯ ಮೇಲೆ ಬುದ್ಧನ ಫೋಟೊ, ಅದರ ಕೆಳಗೆ ಮಗಳ ಇಂಜಿನಿಯರಿಂಗ್ ಪದವಿಯ ಫೋಟೊ. ಕುರೆಕುಪ್ಪದ ಕಡೆ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ಆ ಮಗಳು ಅಂದು ರಜೆಯಲ್ಲಿ ಮನೆಯಲ್ಲೇ ಇದ್ದಳು, ಚಹಾ ತಂದುಕೊಟ್ಟಳು. ನಾಡಗೀತೆಯ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಬರ್ತೀನ್ರಿ ಮಾಸ್ತರ. ನಮ್ಮೋರು ಇನ್ನೂ ಮೂರು ಮಂದಿ ಅದಾರ, ಅವ್ರನ್ನೂ ಕರ್ಕೊಂಬರ್ತೀನಿ. ಖರೇ ಒಂದು ಮಾತು. ಪೇಟಿಗೆ ನುಡಸ್ರಿ ಅಂತೀರಿ, ತಬಲಾಕ್ಕ ನುಡಸ್ರಿ ಅಂತೀರಿ. ನಮಗ ಮಾತ್ರ ಎಲ್ರೂ ಹೊಡಿ ಅಂತಾರ. ಹೆಣದ ಮುಂದ ಹೊಡಿಲೇ, ಡಂಗುರಕ್ಕ ಹೊಡಿಲೇ. ನಿಮ್ಮ ಹಾಡಿನಾಗ ನಂಗ ನುಡಸ್ರಿ ಅನಬೇಕು."

ನನಗೆ ನಗು ಬಂತು. ಹಲಗೆ ನುಡಿಸುವುದು ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ನಗೋ ಮಾತಲ್ರೀ ಸರ್," ಎಂದಳು ಮಗಳು. "ನಮ್ಮಪ್ಪ ಇದೊಂದ ಕೇಳಾಕತ್ತಾನ."

ನಗು ನಿಲ್ಲಿಸಿ ಮಾತು ಕೊಟ್ಟೆ.

ಭಾನುವಾರ ಬೆಳಿಗ್ಗೆ ಟಿ.ಬಿ. ಡ್ಯಾಂನ ಒಂದು ಹಳೆಯ ಕಟ್ಟಡದ ಹಾಲಿನಲ್ಲಿ ತಾಲೀಮು ನಡೆಯುತ್ತಿತ್ತು. ಮೊದಲೆರಡು ವಾರ ಬಾಯಿ ತಪ್ಪಿ ಹೊಡೀರಿ ಎಂದುಬಿಡುತ್ತಿದ್ದೆ. ಹಲಗೆಯವರು ಜಗಳಕ್ಕೆ ಬರುತ್ತಿರಲಿಲ್ಲ. ಹಲಗೆಯ ಮೇಲೆ ಅಂಗೈ ಒತ್ತಿ ಸದ್ದು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ನಾನು ಕೆಮ್ಮಿ "ನುಡಸ್ರಿ" ಎಂದ ಮೇಲೆಯೇ ಕಡ್ಡಿ ಏಳುತ್ತಿತ್ತು. ಮೂರನೆಯ ವಾರಕ್ಕೆ ಆ ಮಾತು ನಾಲಿಗೆಗೆ ಹತ್ತಿತು. ಭಜನೆಯವರು ಮೊದಮೊದಲು ಚೇಷ್ಟೆಗೆ ಅನ್ನುತ್ತಿದ್ದರು, ಆಮೇಲೆ ಅವರ ಬಾಯಲ್ಲೂ ನುಡಸ್ರಿ ಎಂಬುದೇ ಸಹಜವಾಯಿತು. ಎರಡು ತಿಂಗಳಲ್ಲಿ ಆ ಹಾಲಿನೊಳಗೆ ಹಲಗೆಗೆ ಹೊಡಿ ಎನ್ನುವವರು ಯಾರೂ ಉಳಿಯಲಿಲ್ಲ, ನನ್ನ ಕ್ಲಾರಿನೆಟ್ ಗೆಳೆಯನೊಬ್ಬನನ್ನು ಬಿಟ್ಟು.

"ಏನ್ ನುಡಸ್ರಿ ಅಂತಿಯಲೇ? ಅದೇನ್ ವೀಣಾ ಐತೇನು?" ಎಂದು ಎಲ್ಲರೆದುರಿಗೇ ಕೇಳುತ್ತಿದ್ದ. ನನಗೆ ರೇಗುತ್ತಿತ್ತು. ಆದರೂ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ, ಏಕೆಂದರೆ ಮುಖ್ಯ ಧಾಟಿ ಇದ್ದದ್ದು ಅವನ ಉಸಿರಿನಲ್ಲಿ. ಅವನಿಲ್ಲದೆ ಹಾಡು ಸಪ್ಪೆಯಾಗುತ್ತಿತ್ತು.

ಹಾಡು ವಾರದಿಂದ ವಾರಕ್ಕೆ ಗಟ್ಟಿಯಾಯಿತು. ಒಂದು ಭಾನುವಾರ ಹಲಗೆಯವರು ಮೂರನೆಯ ನುಡಿಯಲ್ಲಿ ಒಂದು ಪೆಟ್ಟು ಬೇಕೆಂದೇ ಬಿಟ್ಟರು. ತಪ್ಪಿತು ಎಂದು ನಾನು ಕೂಗಬೇಕು, ಅಷ್ಟರಲ್ಲಿ ಭಜನೆಯ ಅಷ್ಟೂ ಜನ ಯಾರೂ ಹೇಳದೆಯೇ ಆ ಖಾಲಿ ಜಾಗಕ್ಕೆ ಚಪ್ಪಾಳೆ ಹಾಕಿದ್ದರು. ನನಗೆ ಖುಷಿಯಾಯಿತು, ಅಷ್ಟೇ ಹೊಟ್ಟೆ ಉರಿಯಿತು. ಅಂಥದೊಂದು ಉಪಾಯ ನನಗೆ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆಯಿಂದ ತುಂತುರು ಮಳೆ. ಹಲಗೆಯ ಚರ್ಮಕ್ಕೆ ಥಂಡಿ ಹತ್ತಿದರೆ ಸದ್ದು ಡಬ್ ಡಬ್ ಎಂದು ಸತ್ತುಹೋಗುತ್ತದೆ, ಬೆಂಕಿಗೆ ಕಾಯಿಸಿ ಬಿಗಿ ಮಾಡಬೇಕು. ಪ್ರತಿ ವಾರ ಅಂಗಳದಲ್ಲಿ ಹುಲ್ಲು ಹಚ್ಚಿ ಕಾಯಿಸುತ್ತಿದ್ದರು. ಅಂದು ಮಳೆಯೆಂದು ನಾನೇ ಅವರನ್ನು ಒಳಗೆ ಕರೆದೆ. ಬಾಗಿಲ ಪಕ್ಕದಲ್ಲಿ ತಗಡಿನ ಬುಟ್ಟಿಯಲ್ಲಿ ಬೆಂಕಿ ಮಾಡಿಕೊಂಡು ನಾಲ್ವರೂ ಕೂತರು. ಕ್ಲಾರಿನೆಟ್ ಗೆಳೆಯ ಬಂದವನೇ ಮೂಗಿಗೆ ಟವೆಲ್ ಹಿಡಿದ.

"ಏನ್ ನಾತಲೇ ಇದು! ಹೊರಗ ಕುಂದ್ರಸು ಇವ್ರನ್ನ. ಹೊರಗೊಂದು ಮೈಕ್ ಇಟ್ರ ಆತು, ಅಲ್ಲೇ ಬಡ್ಕೊಳ್ಳಿ."

ಯಾರೂ ಏಳಲಿಲ್ಲ. ಅವನು ಮುಂದೆ ಬಂದು, ಗೋಡೆಗೆ ಒರಗಿಸಿದ್ದ ಹಲಗೆಯನ್ನು ಕಾಲಿನಿಂದ ಒದ್ದ. ಅದು ಉರುಳಿಕೊಂಡು ಹೋಗಿ ಹೊಸ್ತಿಲು ದಾಟಿ ಕೆಸರಿಗೆ ಬಿತ್ತು. ವಾದ್ಯಕ್ಕೆ ಕಾಲು ತಾಕಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಮನುಷ್ಯ ಅವನು. ನನ್ನ ಪೇಟಿಯನ್ನು ದಾಟಿದ್ದಕ್ಕೇ ಒಬ್ಬನ ಕೆನ್ನೆಗೆ ಹೊಡೆದಿದ್ದ. ಈಗ ಏನೂ ಆಗಿಲ್ಲ ಎಂಬಂತೆ ತಿರುಗಿ, ಕ್ಲಾರಿನೆಟ್ ಬಾಯಿಗಿಟ್ಟು ಶ್ರುತಿ ನೋಡತೊಡಗಿದ.

ನಾನು ಮಾತು ಕೊಟ್ಟಿದ್ದ ಆ ಹಲಗೆಯವರು ಎದ್ದು ಹೋಗಿ ಕೆಸರಿನಿಂದ ಹಲಗೆ ಎತ್ತಿಕೊಂಡು ಒಳಗೆ ಬಂದರು. ಅವರ ಕಣ್ಣು ನನ್ನ ಮೇಲಿತ್ತು. ನಾನು ಪೇಟಿ ಬಿಟ್ಟು ಎದ್ದು ನಿಂತಿದ್ದೆ.

"ಹೊಡೀರಿಲೇ!" ಎಂದು ಕೂಗಿದೆ.

ಒಂದೇ ಮಾತು. ಯಾರನ್ನು ಎಂದು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆ ಹಾಲಿನಲ್ಲಿ ಹಲಗೆಗೆ ನುಡಸ್ರಿ ಅನ್ನುವುದೇ ರೂಢಿಯಾದ ಮೇಲೆ, ನನ್ನ ಬಾಯಲ್ಲಿ ಆ ಮಾತಿಗೆ ಉಳಿದದ್ದು ಒಂದೇ ಅರ್ಥ.

ಹಲಗೆಗೆ ಸುತ್ತ ಕಬ್ಬಿಣದ ಬಳೆ ಇರುತ್ತದೆ. ಅವರು ಎರಡೂ ಕೈಯಿಂದ ಬೀಸಿದ್ದು ಕ್ಲಾರಿನೆಟ್ಟಿನ ತುದಿಗೆ ಬಡಿಯಿತು. ಅದರ ಪೀಪಿ ಇನ್ನೂ ಗೆಳೆಯನ ಬಾಯಲ್ಲೇ ಇತ್ತು. ಬಾಳೆದಿಂಡು ಮುರಿದಂಥ ಸದ್ದು ಬಂತು. ಅವನು ಬಗ್ಗಿ ಉಗುಳಿದ, ರಕ್ತದ ಜೊತೆ ಮುಂದಿನ ಎರಡು ಹಲ್ಲು ಬಿದ್ದವು. ಭಜನೆಯವರಲ್ಲಿ ಒಬ್ಬ ತಾಳ ಎಸೆದ, ಅದು ಹಲಗೆಯವರ ಹುಬ್ಬು ಸೀಳಿತು. ಆಮೇಲೆ ಯಾರು ಯಾರಿಗೆ ಹೊಡೆದರು ಎಂಬುದಕ್ಕೆ ಲೆಕ್ಕವಿಲ್ಲ. ಬೆಂಕಿಯ ಬುಟ್ಟಿ ಉರುಳಿತು. ನನ್ನ ಪೇಟಿಯ ಮೇಲೆ ಯಾರೋ ಬಿದ್ದರು, ಅದು ನರಳಿದ ಹಾಗೆ ಒಂದೇ ಸಮ ಕೂಗಿತು. ಇಷ್ಟೆಲ್ಲದರ ನಡುವೆ ನನಗೊಂದು ಸಮಾಧಾನ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಎಷ್ಟೋ ವರ್ಷದಿಂದ ಕಾದಿದ್ದ ಒಂದು ಏಟು ಬಿದ್ದಂತೆ ಅನ್ನಿಸಿತು. ಆ ಕೂಗಿನಲ್ಲಿ ಹಲಗೆಯ ಮೇಲಿನ ಗೌರವ ಎಷ್ಟಿತ್ತು, ಮೂವತ್ತು ವರ್ಷದ ಹೊಟ್ಟೆಕಿಚ್ಚು ಎಷ್ಟಿತ್ತು ಎಂದು ತೂಗಿ ನೋಡಲು ನನಗೆ ಇಂದಿಗೂ ಧೈರ್ಯವಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾವೆಲ್ಲ ಠಾಣೆಯಲ್ಲಿದ್ದೆವು. ಮುಂದಿನ ಹಲ್ಲಿಲ್ಲದ ಕ್ಲಾರಿನೆಟ್ಟಿನವನು ಚಕ್ರವಿಲ್ಲದ ಗಾಡಿ ಇದ್ದಂತೆ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೆಳೆಯ ಬಾಯಿಗೆ ಟವೆಲ್ ಒತ್ತಿಕೊಂಡು ಅಳುತ್ತಿದ್ದ. ಸಾಹೇಬರು ಒಬ್ಬೊಬ್ಬರನ್ನೇ ಸಮಾಧಾನವಾಗಿ ಕೇಳಿದರು. ಭಜನೆಯವನೊಬ್ಬ ಬಾಯಿಬಿಟ್ಟ.

"ಹೊಡೀರಿ ಅಂತ ಒಂದು ದನಿ ಬಂತ್ರಿ ಸಾಹೇಬ್ರ. ಆಮ್ಯಾಲ ಇದೆಲ್ಲಾ ಶುರುವಾತು."

"ಹೊಡೀರಿ ಅಂದವ್ರು ಯಾರು?"

ಎಲ್ಲರೂ ನನ್ನ ಕಡೆ ತಿರುಗಿದರು. ಕೇಸು, ಕೋರ್ಟು, ಪೇಪರಿನಲ್ಲಿ ಹೆಸರು ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಉತ್ತರ ಮಾತ್ರ ಎಷ್ಟು ಸಲೀಸಾಗಿ ಬಂತೆಂದರೆ, ಯಾರೋ ಹೇಳಿಕೊಟ್ಟಂತಿತ್ತು.

"ನಾನ ಅಂದೆ ಸಾಹೇಬ್ರ. ಹಲಗಿ ಹೊಡೀರಿ ಅಂತ ಅಂದೆ. ಹಾಡು ಶುರುವಾದ್ರ ಜಗಳ ನಿಲ್ತೈತಿ ಅಂತ."

ಸಾಹೇಬರು ತಲೆಯಾಡಿಸಿದರು. ಸರಿಯೇ, ಹಲಗೆಗೆ ಹೊಡಿ ಎನ್ನದೆ ಇನ್ನೇನು ಅನ್ನುತ್ತಾರೆ? ಲೋಕದಲ್ಲಿ ಯಾರಾದರೂ ನಂಬುವ ಮಾತು ಅದು. ಹಾಲಿನೊಳಗಿದ್ದ ಹದಿಮೂರು ಹದಿನಾಲ್ಕು ಜನರಿಗೆ ಮಾತ್ರ ಅದು ಸುಳ್ಳೆಂದು ಗೊತ್ತಿತ್ತು, ಅವರೆಲ್ಲ ನೆಲ ನೋಡುತ್ತಿದ್ದರು. ಸಾಹೇಬರು ಹಲಗೆಯವರ ಕಡೆ ತಿರುಗಿದರು.

"ಅವ್ರು ಹಲಗಿ ಹೊಡಿ ಅಂದ್ರ ನೀ ಮನುಷ್ಯಾಗ ಹೊಡದ್ಯಾ? ತಪ್ಪು ತಿಳ್ಕೊಂಡ್ಯಾ?"

ಹುಬ್ಬಿನ ರಕ್ತ ಅವರ ಕಣ್ಣಿಗೆ ಇಳಿಯುತ್ತಿತ್ತು. ಅದನ್ನು ಒರೆಸಿಕೊಂಡು ನನ್ನನ್ನೇ ನೋಡಿದರು. ಈಗ ಹೇಳುತ್ತಾರೆ, ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಹೌದ್ರಿ," ಎಂದರು. "ನಾ ತಪ್ಪು ತಿಳ್ಕೊಂಡೆ."

ಕೇಸು ಬೇಡ, ಒದ್ದದ್ದಕ್ಕೆ ಒಂದು ಹೊಡೆದದ್ದಕ್ಕೆ ಒಂದು ಎಂದು ಎರಡೂ ಕಡೆ ಬೆಳೆಯುತ್ತದೆ ಎಂದು ಊರಿನ ಹಿರಿಯರು ಹೊರಗೆ ಬೇವಿನ ಮರದ ಕೆಳಗೆ ರಾಜಿ ಮಾಡಿಸಿದರು. ಹಲಗೆಯವರು ಗೆಳೆಯನ ಕಾಲು ಮುಟ್ಟಿ ಕ್ಷಮೆ ಕೇಳಬೇಕು ಎಂದು ತೀರ್ಮಾನವಾಯಿತು. ಯಾರ ಮುಂದೆಯೂ ಬಾಗಬಾರದು ಎಂದು ಹೆಣದ ಮುಂದಿನ ಹಲಗೆ ಬಿಟ್ಟ ಮನುಷ್ಯ, ಕೆಸರಿನಲ್ಲಿ ಮಂಡಿಯೂರಿ, ಹಲಗೆ ಒದ್ದ ಅದೇ ಕಾಲನ್ನು ಮುಟ್ಟಿದರು. ಮಗಳು ಅಷ್ಟರಲ್ಲಿ ಬಂದಿದ್ದಳು. ಅವಳು ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದಳು. ನಾನು ಜೇಬಿನಲ್ಲಿ ಬೈಕಿನ ಚಾವಿ ಹುಡುಕುವ ನಾಟಕ ಆಡಿದೆ.

ಒಂದು ತಿಂಗಳು ಮನೆಯಿಂದ ಹೊರಗೆ ಬೀಳಲಿಲ್ಲ. ಊಟ ಸೇರುತ್ತಿರಲಿಲ್ಲ, ಹೆಂಡತಿಯ ಮೇಲೆ ಸುಮ್ಮಸುಮ್ಮನೆ ಹಾರಾಡುತ್ತಿದ್ದೆ. ಕೊನೆಗೆ ತಡೆಯಲಾರದೆ ಕಂಪ್ಲಿಗೆ ಹೋದೆ. ಅವರು ಗಿರಣಿಯಲ್ಲಿ ಲಾರಿಗೆ ಮೂಟೆ ಏರಿಸುತ್ತಿದ್ದರು. ಹಮಾಲರೆಲ್ಲರ ಎದುರಿಗೇ ಕೈ ಮುಗಿದೆ.

"ನಾ ಅಂದಿದ್ದು ಅವನ್ನ ಹೊಡೀರಿ ಅಂತನ. ಠಾಣೆದಾಗ ಸುಳ್ಳು ಹೇಳ್ದೆ. ನಿಮ್ಮ ಕಾಲ ಹಿಡೀತೀನಿ."

"ಬ್ಯಾಡ್ರಿ," ಎಂದು ಹಿಂದೆ ಸರಿದರು.

"ನೀವರ ಅವತ್ತ ಯಾಕ ಸುಮ್ನಾದ್ರಿ? ಹೇಳಬಹುದಿತ್ತಲ್ಲ."

"ಏನಂತ ಹೇಳ್ಲಿ? ಈ ಮಾಸ್ತರು ನನ್ನ ಹಲಗಿಗೆ ನುಡಸ್ರಿ ಅಂತಾರ, ಹೊಡಿ ಅನ್ನಂಗಿಲ್ಲ ಅಂತ ಹೇಳ್ಲೇನು? ಠಾಣೆ ತುಂಬ ನಕ್ಕಿರೋರು ಮಾಸ್ತರ. ನನ್ನ ಹಲ್ಲು ಮುರುದ್ರೂ ತಡ್ಕೋತಿದ್ದೆ. ಆ ಮಾತಿಗೆ ನಕ್ಕಿದ್ರ ತಡ್ಕೋತಿರಲಿಲ್ಲ."

ನನಗೆ ಅಳು ಬಂತು. ಅವರು ಮೂಟೆಯ ಕೊಕ್ಕೆಯನ್ನು ಹೆಗಲಿಗೆ ಹಾಕಿಕೊಂಡರು.

"ಇಲ್ಲಿ ಹೇಳಿದ್ರ ಏನೂ ಬರಂಗಿಲ್ಲ. ಇಲ್ಲಿರೋರಿಗೆಲ್ಲಾ ಗೊತ್ತೈತಿ. ಗೊತ್ತಿಲ್ಲದವ್ರ ಮುಂದ ಹೇಳ್ರಿ."

"ಹೇಳ್ತೀನಿ. ಹಾಡಿನ ದಿವಸ, ಮೈಕಿನಾಗ ಹೇಳ್ತೀನಿ. ನೀವು ಬರ್ರಿ."

ಅವರು ಕೊಕ್ಕೆ ತೆಗೆದು ಮುಂದಿನ ಮೂಟೆಗೆ ಹಾಕಿದರು.

ಹಾಡನ್ನು ಮೊದಲ ಸಲ ಜನರ ಮುಂದೆ ಹಾಡಿದ್ದು ಹೊಸಪೇಟೆಯ ಒಂದು ಮೈದಾನದಲ್ಲಿ, ಬೆಳಗಿನ ಬಿಸಿಲಿನಲ್ಲಿ. ಶಾಮಿಯಾನ ತುಂಬಿತ್ತು. ಕ್ಲಾರಿನೆಟ್ಟಿನ ಜಾಗಕ್ಕೆ ಕೀಬೋರ್ಡು ಬಂದಿತ್ತು, ಹಲಗೆಯ ಜಾಗಕ್ಕೆ ಆರ್ಕೆಸ್ಟ್ರಾದ ಒಬ್ಬ ಎಲೆಕ್ಟ್ರಿಕ್ ಪ್ಯಾಡ್ ಇಟ್ಟುಕೊಂಡು ಕೂತಿದ್ದ. ಗೆಳೆಯ ಕಟ್ಟಿಸಿದ ಹಲ್ಲು ಹಾಕಿಕೊಂಡು ಮುಂದಿನ ಸಾಲಿನಲ್ಲಿದ್ದ. ರಾಜಿ ಮಾಡಿಸಿದ ಹಿರಿಯರು ಅವನ ಅಕ್ಕಪಕ್ಕ ಇದ್ದರು. ನಾಲ್ಕನೆಯ ಸಾಲಿನ ಅಂಚಿನಲ್ಲಿ ಹಲಗೆಯವರಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಕ್ಕದಲ್ಲಿ ಮಗಳು. ಬಂದಿದ್ದರು.

ನಿರೂಪಕಿ ನನಗೆ ಮೈಕ್ ಕೊಟ್ಟು ಎರಡು ಮಾತಾಡಲು ಹೇಳಿದಳು. ನಾನು ಎದ್ದೆ. ವಾಕ್ಯ ಸಿದ್ಧವಾಗಿತ್ತು, ವಾರದಿಂದ ಬಾಯಿಪಾಠ ಮಾಡಿದ್ದೆ. "ಇದು ನಾಲ್ಕು ಊರಿನವರು ಕೂಡಿ ಕಟ್ಟಿದ ಹಾಡು," ಎಂದೆ. ಗೆಳೆಯ ಮುಂದಿನ ಸಾಲಿನಿಂದ ನನ್ನನ್ನು ನೋಡಿ ಸಣ್ಣಗೆ ತಲೆಯಾಡಿಸಿದ. ನನ್ನ ಸುಳ್ಳು ಗೊತ್ತಿದ್ದೂ ಅವನು ಅಂದು ಏಕೆ ಬಾಯಿಬಿಡಲಿಲ್ಲ ಎಂದು ಆ ಕ್ಷಣ ನನಗೆ ಹೊಳೆಯಿತು. ತನ್ನವನು ಎಂದು ನನ್ನನ್ನು ಬಿಟ್ಟಿದ್ದ, ಬೇರೆಯವನು ಎಂದು ಹಲಗೆಯವರಿಂದ ಕಾಲು ಮುಟ್ಟಿಸಿಕೊಂಡಿದ್ದ. ಬಾಯಿಪಾಠದ ವಾಕ್ಯವನ್ನು ಬಿಟ್ಟುಬಿಟ್ಟೆ. "ಸಹಕರಿಸಿದ ಎಲ್ಲರಿಗೂ ಧನ್ಯವಾದ," ಎಂದು ಮೈಕ್ ಹಿಂದಿರುಗಿಸಿದೆ. ಪರದೆಯ ಸಂದಿಯಿಂದ ಚಪ್ಪಲಿ ಎಸೆಯುವ ಶೂರ ನಾನು.

"ನಾಡಗೀತೆಗೆ ಎಲ್ಲರೂ ಎದ್ದು ನಿಂತು ಗೌರವ ಸಲ್ಲಿಸಬೇಕು," ಎಂದಳು ನಿರೂಪಕಿ. ಕುರ್ಚಿಗಳು ಸದ್ದು ಮಾಡಿದವು, ಮೈದಾನವೆಲ್ಲ ಎದ್ದು ನಿಂತಿತು. ನಾನು ಶ್ರುತಿ ಕೊಟ್ಟೆ. ಹಲಗೆಯವರೊಬ್ಬರೇ ಏಳಲಿಲ್ಲ. ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತೇ ಇದ್ದರು.

ಹೆಗಲಿಗೆ ಶಾಲು ಹಾಕಿದ ಸ್ವಯಂಸೇವಕನೊಬ್ಬ ಹತ್ತಿರ ಹೋಗಿ ಬಗ್ಗಿ ಏನೋ ಹೇಳಿದ. ಅವರು ಅವನ ಕಡೆ ನೋಡಲಿಲ್ಲ. ಇನ್ನೊಬ್ಬ ಬಂದ. "ಏಳಲೇ! ನಾಡಗೀತಿಗೆ ಮರ್ಯಾದಿ ಕೊಡಾಕ ಬರಂಗಿಲ್ಲೇನು?" ಎಂದು ಅವನು ಕೂಗಿದ್ದು ಸ್ಟೇಜಿನವರೆಗೂ ಕೇಳಿತು. ಕೊರಳಪಟ್ಟಿ ಹಿಡಿದು ಎತ್ತಿದರು. ಕುರ್ಚಿ ಉರುಳಿತು. ಮಗಳು ಬ್ಯಾಗಿನಿಂದ ಅವನ ಮುಖಕ್ಕೆ ಬೀಸಿದಳು, ಅವಳನ್ನು ಯಾರೋ ಹಿಂದಿನಿಂದ ನೂಕಿದರು. ಒಬ್ಬ ಅವರ ಕುತ್ತಿಗೆಗೆ ಹೊಡೆದ. ಆಮೇಲೆ ಶಾಲುಗಳು ಮಾತ್ರ ಕಾಣುತ್ತಿದ್ದವು, ಬಿಳಿ ಅಂಗಿ ಕಾಣಲಿಲ್ಲ. "ಸರ್! ನೀವಾದ್ರೂ ಹೇಳ್ರೀ ಸರ್!" ಎಂದು ಅವಳು ಸ್ಟೇಜಿನ ಕಡೆ ಕೈ ಮಾಡಿ ಕೂಗುತ್ತಿದ್ದಳು.

ಪ್ರೇಕ್ಷಕರಲ್ಲಿ ಗದ್ದಲವಾದರೆ ಪೇಟಿ ಜೋರು ಮಾಡಬೇಕು, ಹಿಂದೆ ಕೂತವರಿಗೆ ಗೊತ್ತಾಗಬಾರದು. ನಾಟಕ ಕಂಪನಿಯಲ್ಲಿ ನಮಗೆ ಕಲಿಸಿದ್ದು ಅದು. ನನ್ನ ಕೈ ತಾನಾಗಿಯೇ ಪೇಟಿಗೆ ಗಾಳಿ ತುಂಬುವ ಬಾತೆಯನ್ನು ಜೋರಾಗಿ ಒತ್ತತೊಡಗಿತು. ಭಜನೆಯವರು ನನ್ನ ಮುಖ ನೋಡಿದರು, ಹಾಡಿ ಎಂದು ಕಣ್ಣಲ್ಲೇ ಗದರಿಸಿದೆ, ಹಾಡಿದರು. ಕೊನೆಯ ಸಾಲಿನಲ್ಲಿ ಊರುಗಳ ಹೆಸರು ಒಂದೊಂದಾಗಿ ಬರುತ್ತವೆ, ಕಂಪ್ಲಿಯದು ಎಲ್ಲಕ್ಕಿಂತ ಕೊನೆಗೆ. ಆ ಹೆಸರು ಬರುವ ಹೊತ್ತಿಗೆ ಅವರಿಬ್ಬರನ್ನೂ ಎಳೆದುಕೊಂಡು ಹೋಗಿ ಗೇಟಿನ ಹೊರಗೆ ಹಾಕಿ ಆಗಿತ್ತು. ನಾನು ಪೇಟಿ ನಿಲ್ಲಿಸಲಿಲ್ಲ.